ಕರಡು ತಿದ್ದೋ ಕೆಲಸ, ಕವಿತೆ ಓದೋ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರೋದು ಕಲಬುರಗಿಯಲ್ಲಿ. ಹನ್ನೊಂದು ವರ್ಷದಿಂದ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತೇನೆ. ಯಾವ ಪ್ರಕಾಶನದಲ್ಲೂ ನೌಕರಿ ಇಲ್ಲ. ಕೆಲಸ ಬಂದಾಗ ಮಾಡುವುದು, ಮುಗಿದ ಮೇಲೆ ಬಿಲ್ ಕಳಿಸುವುದು. ಜೊತೆಗೆ ಕವಿತೆ ಬರೆಯುತ್ತೇನೆ. ತಿಂಗಳಿಗೊಮ್ಮೆ ಹತ್ತು ಹದಿನೈದು ಜನ ಸೇರಿ ಓದುತ್ತೇವೆ. ಅಲ್ಲಿಗೆ ಬರುವ ಹುಡುಗ ಹುಡುಗಿಯರು, ಬೀದರ್, ಸುರಪುರ, ಶಹಾಪುರದಿಂದ ಫೋನ್ ಮಾಡುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಸಿಗುತ್ತದೆ ಅಲ್ವಾ, ಅದಕ್ಕೆ ಬರೆದೆ.

ಅಕ್ಕಾ, ಈ ಕೆಲಸದಲ್ಲಿ ಹೊಟ್ಟೆ ತುಂಬುತ್ತದಾ?

ತುಂಬುತ್ತದೆ, ಆದರೆ ಪ್ರತಿ ತಿಂಗಳೂ ಒಂದೇ ಥರ ಅಲ್ಲ. ಅಕ್ಟೋಬರ್‌ನಲ್ಲಿ ರಾಜ್ಯೋತ್ಸವದ ಗಡಿಬಿಡಿ. ಡಿಸೆಂಬರ್‌ನಲ್ಲಿ ಎಲ್ಲರಿಗೂ ಅದೇ ವರ್ಷದ ಇಸವಿ ಹಾಕಿ ಪುಸ್ತಕ ತರುವ ಆತುರ, ಯಾಕಂದರೆ ಪ್ರಶಸ್ತಿಗೆ ಕಳಿಸುವಾಗ ಆ ಇಸವಿಯನ್ನೇ ನೋಡುತ್ತಾರೆ. ಆ ಮೂರು ತಿಂಗಳು ನಿದ್ದೆ ಕಮ್ಮಿ. ಏಪ್ರಿಲ್, ಮೇ ಖಾಲಿ. ಖಾಲಿ ತಿಂಗಳ ಅಕ್ಕಿ, ಜೋಳ, ಕರೆಂಟ್ ಬಿಲ್ಲಿಗೆ ತುಂಬಿದ ತಿಂಗಳಲ್ಲೇ ತೆಗೆದಿಡಬೇಕು. ನಾನು ಬಂದ ದುಡ್ಡಿನಲ್ಲಿ ಮೂರನೇ ಒಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತೇನೆ, ಅದನ್ನು ಮುಟ್ಟುವುದಿಲ್ಲ. ಮೊದಲ ಎರಡು ವರ್ಷ ಹೀಗೆ ಮಾಡಲಿಲ್ಲ. ಮೇ ತಿಂಗಳಲ್ಲಿ ಅಣ್ಣನ ಹತ್ತಿರ ಕೈಗಡ ತಗೊಂಡೆ.

ನೌಕರಿ ಬಿಟ್ಟು ಇದಕ್ಕೆ ಇಳೀಲಾ ಅಂತ ಕೇಳುವವರಿಗೆ: ಈಗಲೇ ಬಿಡಬೇಡಿ. ಆರು ತಿಂಗಳು ನೌಕರಿಯ ಜೊತೆಗೇ ಮಾಡಿ ನೋಡಿ.

ಕೆಲಸ ಯಾರು ಕೊಡುತ್ತಾರೆ? ಬೆಂಗಳೂರಲ್ಲಿ ಇರಬೇಕಲ್ವಾ?

ಬೇಡ. ಒಂದು ಕಾಲಕ್ಕೆ ಪ್ರೂಫ್ ಅಂದರೆ ಕಾಗದದ ಕಟ್ಟು, ಬಸ್ಸಿನಲ್ಲೋ ಅಂಚೆಯಲ್ಲೋ ಬರುತ್ತಿತ್ತು. ಈಗ ಪಿಡಿಎಫ್ ಬರುತ್ತದೆ, ಅದರ ಮೇಲೇ ಗುರುತು ಹಾಕಿ ಕಳಿಸುತ್ತೇನೆ. ನನಗೆ ಕೆಲಸ ಕೊಡುವವರಲ್ಲಿ ಅರ್ಧದಷ್ಟು ಜನರ ಮುಖ ನಾನು ನೋಡಿಲ್ಲ.

ನಮ್ಮ ಕಡೆಯೇ ಕೆಲಸ ಜಾಸ್ತಿ ಇದೆ. ಇಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಪಿಎಚ್‌.ಡಿ. ಮಾಡುವವರ ಪ್ರಬಂಧ, ಮಠಗಳ ಸ್ಮರಣ ಸಂಚಿಕೆ, ನಿವೃತ್ತ ಮೇಷ್ಟ್ರ ಅಭಿನಂದನಾ ಗ್ರಂಥ, ಜಾತ್ರೆಯ ಕಿರುಪುಸ್ತಕ, ಎಲ್ಲವೂ ತಿದ್ದುವ ಕೆಲಸವೇ. ಮೊದಲ ಕೆಲಸ ನನಗೆ ಸಿಕ್ಕಿದ್ದು ಒಂದು ಡಿಟಿಪಿ ಅಂಗಡಿಯಲ್ಲಿ. ಟೈಪ್ ಮಾಡುವ ಹುಡುಗ ಹೇಳಿದ, "ಅಕ್ಕಾ, ನಾ ಬರೆ ಟೈಪ್ ಮಾಡ್ತೀನಿ, ತಪ್ಪು ನೋಡೋರು ಯಾರೂ ಇಲ್ರಿ" ಅಂತ. ಇವತ್ತಿಗೂ ಕೆಲಸ ಹುಡುಕುವವರಿಗೆ ನಾನು ಹೇಳುವುದು ಇಷ್ಟೇ, ನಿಮ್ಮೂರಿನ ಡಿಟಿಪಿ ಅಂಗಡಿಗಳಿಗೆ ಹೋಗಿ ಹೆಸರು, ನಂಬರ್ ಬರೆದುಕೊಟ್ಟು ಬನ್ನಿ.

ಒಂದು ಮಾತು. ಪ್ರಬಂಧ ತಿದ್ದುವುದು ಬೇರೆ, ಬರೆದುಕೊಡುವುದು ಬೇರೆ. ಬರೆದುಕೊಡಿ ಅಂತ ಕೇಳಿಕೊಂಡು ಬರುವವರು ತುಂಬ ಜನ, ದುಡ್ಡೂ ಜಾಸ್ತಿ. ನಾನು ಒಂದೂ ಮಾಡಿಲ್ಲ. ನೀವೂ ಮಾಡಬೇಡಿ.

ರೇಟು ಹೇಗೆ ಹೇಳಬೇಕು?

ಮೊದಲು ಹತ್ತು ಪುಟ ತರಿಸಿಕೊಳ್ಳಿ. ಗಡಿಯಾರ ಇಟ್ಟುಕೊಂಡು ತಿದ್ದಿ. ಬರೀ ಅಕ್ಷರದೋಷ ನೋಡುವುದಾದರೆ ನನಗೆ ಗಂಟೆಗೆ ಎಂಟು ಹತ್ತು ಪುಟ ಆಗುತ್ತದೆ. ವಾಕ್ಯವನ್ನೇ ಕಟ್ಟಿಕೊಡಬೇಕಾದಂಥ ಬರಹವಾದರೆ ಗಂಟೆಗೆ ಮೂರು ಪುಟ ಆದರೆ ಹೆಚ್ಚು. ಹಾಗಾಗಿ ಎರಡಕ್ಕೂ ಒಂದೇ ರೇಟು ಹೇಳಿದರೆ ನಷ್ಟ ನಿಮಗೇ. ಪುಟ ಅಂದರೆ ಎಷ್ಟು ಪದ ಅಂತಲೂ ಮೊದಲೇ ಮಾತಾಡಿ. ಚಿಕ್ಕ ಅಕ್ಷರದಲ್ಲಿ ಸಾಲು ತುಂಬಿಸಿ ಕಳಿಸಿದರೆ ಒಂದು ಪುಟದಲ್ಲಿ ಎರಡು ಪುಟದ ಕೆಲಸ ಇರುತ್ತದೆ.

ಅರ್ಧ ದುಡ್ಡು ಮುಂಗಡ. ಇದರಲ್ಲಿ ಸಂಕೋಚ ಬೇಡ. ಒಬ್ಬ ಪ್ರಕಾಶಕರಿಗೆ ನಾನು ನಂಬಿಕೆಯ ಮೇಲೆ 400 ಪುಟ ತಿದ್ದಿಕೊಟ್ಟೆ. ಪುಸ್ತಕ ಬಿಡುಗಡೆ ಆಯಿತು, ಫೋಟೋ ಬಂತು, ನನ್ನ ದುಡ್ಡು ಬರಲಿಲ್ಲ. ಒಂದು ವರ್ಷ ಫೋನ್ ಮಾಡಿದೆ, ಆಮೇಲೆ ಬಿಟ್ಟೆ. ಆ ಒಂದು ವರ್ಷ ನಾನು ಒಂದೂ ಒಳ್ಳೆಯ ಕವಿತೆ ಬರೆಯಲಿಲ್ಲ. ದುಡ್ಡಿನ ಸಿಟ್ಟು ತಲೆಯಲ್ಲಿ ಕೂತರೆ ಬೇರೆ ಯಾವುದಕ್ಕೂ ಅಲ್ಲಿ ಜಾಗ ಇರುವುದಿಲ್ಲ.

ದೊಡ್ಡ ಸಂಸ್ಥೆಗಳು ವೃತ್ತಿ ಶುಲ್ಕ ಅಂತ ಕೊಡುವಾಗ ಸಾಮಾನ್ಯವಾಗಿ ನೂರಕ್ಕೆ 10 ರೂಪಾಯಿ ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ನಂಬರಿಗೆ ಜಮಾ ಆಗಿರುತ್ತದೆ. ರಿಟರ್ನ್ಸ್ ತುಂಬಿದರೆ, ತೆರಿಗೆ ಬೀಳದಷ್ಟು ಆದಾಯ ಇದ್ದವರಿಗೆ ವಾಪಸ್ ಬರುತ್ತದೆ. ಎಷ್ಟೋ ಜನ ಹೋಯಿತು ಅಂತ ಬಿಟ್ಟುಬಿಡುತ್ತಾರೆ.

ದಿನವೆಲ್ಲ ತಪ್ಪು ಹುಡುಕಿದ ಕಣ್ಣಿಂದ ಕವಿತೆ ಬರೆಯೋದು ಹೇಗೆ?

ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಇದು, ನನಗೂ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇದೇ.

ಆರು ಗಂಟೆ ಕರಡು ನೋಡಿದ ಮೇಲೆ ಕವಿತೆಗೆ ಕೂತರೆ ಮೊದಲ ಸಾಲು ಬರುವ ಮೊದಲೇ ಕೈ ತಿದ್ದೋಕೆ ಹೋಗುತ್ತದೆ. ಈ ಪದ ಎರಡು ಸಲ ಬಂತು. ಇಲ್ಲಿ ಅಲ್ಪವಿರಾಮ ಬೇಕು. ಈ ವಾಕ್ಯಕ್ಕೆ ಕ್ರಿಯಾಪದ ಎಲ್ಲಿ? ಕವಿತೆ ಇನ್ನೂ ಹುಟ್ಟಿರುವುದಿಲ್ಲ, ಆಗಲೇ ಅದರ ತಪ್ಪು ಎಣಿಸುತ್ತಾ ಕೂತಿರುತ್ತೇವೆ.

ಹಾಗಾಗಿ ನಾನು ಹೊತ್ತು ಬದಲಿಸಿದೆ. ಕವಿತೆ ಬೆಳಗಿನ ಜಾವ, ಐದರಿಂದ ಆರೂವರೆ. ಕಲಬುರಗಿಯ ಬೇಸಿಗೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರಿದು, ತಲೆ ತಣ್ಣಗಿರುವುದು ಆ ಹೊತ್ತಿನಲ್ಲಿ ಮಾತ್ರ. ಕಂಪ್ಯೂಟರ್ ಹಚ್ಚುವುದಿಲ್ಲ. ನೋಟ್‌ಬುಕ್ಕು, ಪೆನ್ಸಿಲ್ಲು, ಒಂದು ಕಪ್ ಚಹಾ. ಕಾಗದದ ಕರಡು ತಿದ್ದುವುದು ಕೆಂಪು ಪೆನ್ನಿನಲ್ಲಿ, ಕವಿತೆ ಬರೆಯುವುದು ಪೆನ್ಸಿಲ್ಲಿನಲ್ಲಿ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ, ಬರೆದದ್ದನ್ನು ಮೂರು ವಾರ ನೋಡುವುದಿಲ್ಲ. ಅಷ್ಟಾದ ಮೇಲೆ ಕೆಂಪು ಪೆನ್ನು ಹಿಡಿಯಬಹುದು. ಆಗ ತಿದ್ದುವ ಕಣ್ಣು ನಿಜವಾಗಿ ಸಹಾಯಕ್ಕೆ ಬರುತ್ತದೆ. ಬೇರೆಯವರ 300 ಕವಿತೆ ತಿದ್ದಿದವರಿಗೆ ಸುಮ್ನೆ ಸೇರಿಕೊಂಡ ಸಾಲು ಯಾವುದು ಅಂತ ಬೇಗ ತಿಳಿಯುತ್ತದೆ. ಸಾಮಾನ್ಯವಾಗಿ ಅದು ಕೊನೆಯ ಎರಡು ಸಾಲು.

ನಮ್ಮ ಕಡೆ ಮಾತಿನಲ್ಲಿ ಬರೆದರೆ ತಪ್ಪಾ? ತಿದ್ದುವವರು ನೀವೇ, ನೀವೇ ಹೇಳಿ.

ತಪ್ಪಲ್ಲ. ಇದನ್ನು ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ಐದಾರು ವರ್ಷದ ಹಿಂದೆ ನಮ್ಮ ಓದಿನಲ್ಲಿ ಒಂದು ಕವಿತೆ ಓದಿದೆ. ಸುಗ್ಗಿ ಮುಗಿದ ಮೇಲಿನ ಹೊಲದ್ದು. ಮೊದಲು ಬರೆದಾಗ "ಕಣಕಿ ಬಣವಿ" ಅಂತಲೇ ಇತ್ತು, ಅಂದರೆ ಒಣಗಿದ ಜೋಳದ ದಂಟಿನ ರಾಶಿ. ಅಂತಿಮ ಪ್ರತಿ ಮಾಡುವಾಗ ರೂಢಿಯ ಕೈ "ಬಣವೆ" ಅಂತ ತಿದ್ದಿತ್ತು, ನನಗೆ ಗೊತ್ತೇ ಆಗದ ಹಾಗೆ. ಓದಿದೆ. ಮುಂದೆ ಚಾಪೆ ಮೇಲೆ ಒಬ್ಬ ಆಯಿ ಕೂತಿದ್ದರು, ಮೊಮ್ಮಗಳ ಕವಿತೆ ಕೇಳೋಕೆ ಬಂದವರು, ಸೆರಗು ತಲೆ ಮೇಲೆ, ಕೈಯಲ್ಲಿ ಅಡಿಕೆ ಚೀಲ. ನಾನು "ಬಣವೆ" ಅಂದ ಕೂಡಲೇ ಅವರು ತಮ್ಮಷ್ಟಕ್ಕೆ, ಮೆಲ್ಲಗೆ, "ಬಣವಿ" ಅಂದರು. ನನಗೆ ಹೇಳಿದ್ದಲ್ಲ. ಹೊಲ ಅವರ ಕಣ್ಣ ಮುಂದೆ ಬಂದಿತ್ತು, ನನ್ನ ಪದ ಅಲ್ಲಿಗೆ ಹೊಂದಲಿಲ್ಲ, ತಾವೇ ಸರಿಮಾಡಿಕೊಂಡರು. ಅಷ್ಟು ಒಳ್ಳೆಯ ತಿದ್ದುಪಡಿ ನನಗೆ ಯಾವ ಸಂಪಾದಕರೂ ಮಾಡಿಕೊಟ್ಟಿಲ್ಲ.

ಆವತ್ತಿಂದ ಒಂದು ನಿಯಮ ಇಟ್ಟುಕೊಂಡೆ. "ವಿಧ್ಯಾರ್ಥಿ" ಅಂತ ಬರೆದರೆ ಅದು ತಪ್ಪು, "ವಿದ್ಯಾರ್ಥಿ" ಅಂತ ತಿದ್ದುತ್ತೇನೆ. "ಶುಭಾಷಯ", "ಉಚ್ಛಾರ", "ಕೋಟ್ಯಾಂತರ" ಇವೂ ತಪ್ಪು. ಶುಭಾಶಯ, ಉಚ್ಚಾರ, ಕೋಟ್ಯಂತರ ಆಗಬೇಕು. ಆದರೆ "ಹಂಗ", "ಭಾಳ", "ಏನದ", "ಖರೇ" ಇವು ತಪ್ಪಲ್ಲ. ಇವು ಬೇರೆ ಕನ್ನಡ, ಅಷ್ಟೇ. ಪ್ರಬಂಧದಲ್ಲಿ ಬಂದರೆ ಬದಲಿಸಬಹುದು. ಕವಿತೆಯಲ್ಲಿ ಬಂದರೆ ಕವಿಯನ್ನು ಕೇಳದೆ ಮುಟ್ಟಬಾರದು. ನನ್ನದೇ ಒಂದು ಕವಿತೆಯನ್ನು ಒಂದು ಸಂಕಲನಕ್ಕೆ ತಗೊಂಡು, "ಹಂಗ" ಇದ್ದಲ್ಲೆಲ್ಲ "ಹಾಗೆ" ಮಾಡಿ ಅಚ್ಚು ಹಾಕಿದ್ದರು. ಓದಿದರೆ ಲಯ ಕಾಲು ಮುರಿದುಕೊಂಡಿತ್ತು.

ಇನ್ನೊಂದು ವಿಷಯ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಆಸ್ಥಾನದ್ದು. ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆ. ಕಾವ್ಯದಲ್ಲಿ ದೋಷ ಯಾವುದು, ಗುಣ ಯಾವುದು ಅಂತ ಹೇಳಿಕೊಡುವ ಪುಸ್ತಕ ಅದು, ಒಂದು ರೀತಿಯಲ್ಲಿ ನನ್ನ ಕಸುಬಿನದ್ದೇ. ನಾಡಿನೊಳಗೆ ಕನ್ನಡಗಳು ಹಲವು ಇವೆ ಅನ್ನುವುದೂ ಅದರಲ್ಲಿದೆ. ಕಲಬುರಗಿಯ ಮಾತಿನಲ್ಲಿ ಬರೆಯೋಕೆ ನಾಚುವ ಹುಡುಗರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಬೇಕಾ, ಯೂನಿಕೋಡ್‌ನಲ್ಲಾ?

ಯೂನಿಕೋಡ್, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಪದ್ಧತಿ. ಅಚ್ಚಿನ ಮನೆಯವರು ಎಷ್ಟೋ ಕಡೆ ಇನ್ನೂ ಹಳೆಯ ನುಡಿ ಫಾಂಟ್ ಕೇಳುತ್ತಾರೆ, ಆಗ ಅವರೇ ಪರಿವರ್ತಿಸಿಕೊಳ್ಳಲಿ. ಪರಿವರ್ತನೆ ಆದ ಮೇಲೆ ಮತ್ತೊಂದು ಸಲ ಓದಲೇಬೇಕು. ಒತ್ತಕ್ಷರ, ಅರ್ಕಾವತ್ತು ಜಾಗ ಬಿಟ್ಟು ಹೋಗುತ್ತವೆ. "ಫೇಸ್‌ಬುಕ್" ಅನ್ನುವುದು "ಫೇಸ್ಬುಕ್" ಆಗಿ ಕೂರುತ್ತದೆ, ಯಾಕಂದರೆ ನಡುವೆ ಇದ್ದ ಕಣ್ಣಿಗೆ ಕಾಣದ ಬಿಡಿಸುವ ಗುರುತು ಉದುರಿಹೋಗಿರುತ್ತದೆ. ಕವಿತೆಯಲ್ಲಿ ಇನ್ನೂ ಕಷ್ಟ. ಸಾಲು ಒಡೆದ ಜಾಗವೇ ಬದಲಾಗಿರುತ್ತದೆ. ಅದಕ್ಕೆ ಕೈಬರಹದ ಪ್ರತಿ ಪಕ್ಕದಲ್ಲಿಟ್ಟುಕೊಂಡೇ ಕೊನೆಯ ಕರಡು ನೋಡಿ.

ಪರಿಚಯದವರು "ಜರಾ ನೋಡಿಕೊಡ್ರಿ" ಅಂತ ಸಂಕಲನ ಕೊಡುತ್ತಾರೆ. ಪುಕ್ಕಟೆ ಮಾಡಬೇಕಾ?

ಊರು ಚಿಕ್ಕದು. ಇವತ್ತು ದುಡ್ಡು ಕೇಳಿದರೆ ನಾಳೆ ಅದೇ ವೇದಿಕೆಯಲ್ಲಿ ಪಕ್ಕದಲ್ಲಿ ಕೂರಬೇಕು. ಕೇಳದಿದ್ದರೆ ವರ್ಷಕ್ಕೆ ಇಪ್ಪತ್ತು ಸಂಕಲನ ಹೀಗೇ ಬರುತ್ತವೆ, ದುಡ್ಡಿನ ಕೆಲಸ ಹಿಂದೆ ಬೀಳುತ್ತದೆ, ನಿಮ್ಮ ಕವಿತೆ ಅದಕ್ಕಿಂತ ಹಿಂದೆ ಬೀಳುತ್ತದೆ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳದೆ ಒಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯದು.

ನಾನು ಹೀಗೆ ಮಾಡುತ್ತೇನೆ. ಒಂದು ಅಥವಾ ಎರಡು ಕವಿತೆ ತಂದರೆ ಕೂತು ಓದಿ, ಚಹಾ ಕುಡಿದು, ಅನ್ನಿಸಿದ್ದು ಹೇಳುತ್ತೇನೆ. ಅದಕ್ಕೆ ದುಡ್ಡಿಲ್ಲ, ಅದು ಗೆಳೆತನ. ಇಡೀ ಸಂಕಲನ ತಂದರೆ ಅದು ಕೆಲಸ, ರೇಟು ಹೇಳುತ್ತೇನೆ. ಮೊದಲ ಸಂಕಲನ ತರುತ್ತಿರುವ ವಿದ್ಯಾರ್ಥಿಗಳಿಗೆ ಅರ್ಧ. "ಏನ್ರಿ ಮೇಡಂ, ನಮಗೂ ರೊಕ್ಕಾ?" ಅಂತ ಮೊದಮೊದಲು ಬೇಜಾರು ಮಾಡಿಕೊಂಡವರು ಇದ್ದರು. ಈಗ ಅವರೇ ಬೇರೆಯವರಿಗೆ ನನ್ನ ನಂಬರ್ ಕೊಡುತ್ತಾರೆ.

ಮುನ್ನುಡಿ ಮಾತ್ರ ನಾನು ತಿದ್ದಿದ ಪುಸ್ತಕಕ್ಕೆ ಬರೆಯುವುದಿಲ್ಲ. ದುಡ್ಡು ತಗೊಂಡ ಕೈ ಹೊಗಳಿಕೆ ಬರೆಯಬಾರದು ಅಂತ ನನ್ನ ನಂಬಿಕೆ.

ಕವಿತೆ ಎಲ್ಲಿ ಓದಬೇಕು? ಕವಿಗೋಷ್ಠಿಗೆ ಯಾರೂ ಕರೆಯುವುದಿಲ್ಲ.

ಕರೆಯುವವರೆಗೆ ಕಾಯಬೇಡಿ. ಕವಿತೆ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಜೇವರ್ಗಿ ಕಡೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಇವತ್ತಿಗೂ ಹಳ್ಳಿಗಳಲ್ಲಿ ರಾತ್ರಿಯಿಡೀ ಏಕತಾರಿ ಹಿಡಿದು ಹಾಡುತ್ತಾರೆ. ಹಾಡುವವರಲ್ಲಿ ಓದು ಬರದವರೂ ಇದ್ದಾರೆ, ಅವರಿಗೆ ಪದ ಪೂರ್ತಿ ಬಾಯಿಗೆ ಬರುತ್ತದೆ. ಮೊಹರಂ ಬಂದರೆ ಕರ್ಬಲಾದ ಕಥೆ ಹೇಳುವ ರಿವಾಯತ್ ಹಾಡು. ಸೂಫಿ ಸಂತ ಬಂದೇನವಾಜರ ಈ ಊರಲ್ಲಿ ಉರ್ದು ಮುಷಾಯಿರಾ, ಅಂದರೆ ಕವಿಗೋಷ್ಠಿ, ನಡೆದರೆ ಹೋಗಿ ಒಮ್ಮೆ ಕೇಳಿ ಬನ್ನಿ. ಭಾಷೆ ಅರ್ಧ ತಿಳಿದರೂ ಸಾಕು. ಒಳ್ಳೆಯ ಶೇರ್ (ಎರಡು ಸಾಲಿನ ಪದ್ಯ) ಬಂದರೆ "ಮುಕರ್ರರ್" ಅಂತ ಕೂಗುತ್ತಾರೆ, ಅಂದರೆ ಇನ್ನೊಮ್ಮೆ ಓದಿ ಅಂತ. ಕವಿ ಇನ್ನೊಮ್ಮೆ ಓದುತ್ತಾರೆ. ಕೇಳುವವರಿಗೂ ಅಲ್ಲಿ ಕೆಲಸ ಇದೆ.

ನಾವು ಆ ಪದ್ಧತಿಯನ್ನೇ ತಂದುಕೊಂಡಿದ್ದೇವೆ. ಯಾರ ಮನೆಯ ಮಾಳಿಗೆ ಖಾಲಿ ಇದೆಯೋ ಅಲ್ಲಿ, ಎರಡನೇ ಶನಿವಾರ ಸಂಜೆ. ಮೈಕ್ ಇಲ್ಲ, ಅಧ್ಯಕ್ಷತೆ ಇಲ್ಲ, ಶಾಲು ಇಲ್ಲ. ಒಬ್ಬರು ಒಂದು ಕವಿತೆಯನ್ನು ಎರಡು ಸಲ ಓದಬೇಕು. ಮೊದಲ ಸಲ ಕೇಳುವುದು, ಎರಡನೇ ಸಲ ಹಿಡಿಯುವುದು. ಆಮೇಲೆ ಯಾವ ಸಾಲು ಉಳಿಯಿತು ಅಂತ ಎಲ್ಲರೂ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಹನ್ನೆರಡು ಜನರಲ್ಲಿ ಯಾರಿಗೂ ಒಂದು ಸಾಲೂ ಉಳಿಯಲಿಲ್ಲ ಅಂದರೆ ಕವಿಗೆ ತಾನೇ ತಿಳಿಯುತ್ತದೆ. ಮಂಡಕ್ಕಿ ಸುಸಲಾ, ಮಿರ್ಚಿ ಸರದಿಯಲ್ಲಿ ಒಬ್ಬೊಬ್ಬರು ತರುತ್ತಾರೆ. ನಿಮ್ಮೂರಲ್ಲೂ ನಾಲ್ಕು ಜನ ಇದ್ದರೆ ಇದು ಶುರುವಾಗುತ್ತದೆ.

ದೊಡ್ಡ ಗೋಷ್ಠಿಗಳಿಗೂ ಹೋಗಿ, ಬೇಡ ಅನ್ನುವುದಿಲ್ಲ. ಕನ್ನಡ ಭವನದ ಕಾರ್ಯಕ್ರಮಗಳಿಗೆ ಕೇಳುಗರಾಗಿ ಹೋದರೆ ಪರಿಚಯ ಆಗುತ್ತದೆ. ಆಕಾಶವಾಣಿಗೆ ಕವಿತೆ ಕಳಿಸಿ. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲೇ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಆ ಜನಸಾಗರ ನೋಡಿ ನನಗೆ ಕಣ್ಣು ತುಂಬಿತ್ತು. ಆದರೆ ನಲವತ್ತು ಕವಿಗಳ ಗೋಷ್ಠಿಯಲ್ಲಿ ಮೂರು ನಿಮಿಷ ಸಿಗುತ್ತದೆ, ತಮ್ಮದು ಓದಿದವರು ಎದ್ದು ಹೋಗುತ್ತಾರೆ. ನೀವು ಮಾತ್ರ ಕೊನೆಯ ಕವಿ ಓದುವವರೆಗೆ ಕೂತಿರಿ.

ಗಜಲ್ ಬರೆಯಬಹುದಾ?

ನಮ್ಮ ಕಡೆ ಎಲ್ಲರೂ ಬರೆಯುತ್ತಿದ್ದಾರೆ, ಸಂತೋಷ. ನನ್ನ ಮೇಜಿಗೆ ಬರುವ ಸಂಕಲನಗಳಲ್ಲಿ ಗಜಲ್ ಜಾಸ್ತಿ. ಮತ್ಲಾದಲ್ಲಿ (ಮೊದಲ ಶೇರಿನಲ್ಲಿ) ಕಾಫಿಯಾ (ಪ್ರಾಸ) ಒಂದು ಹಿಡಿದು ಮೂರನೇ ಶೇರಿಗೆ ಬಿಟ್ಟುಬಿಡುವುದೇ ಅದರಲ್ಲಿ ನಾನು ಹೆಚ್ಚು ನೋಡುವ ತಪ್ಪು. ರದೀಫ್, ಅಂದರೆ ಪ್ರಾಸದ ನಂತರ ಮತ್ತೆ ಮತ್ತೆ ಬರುವ ಪದ, ಅದೊಂದನ್ನೇ ಕಾಯ್ದರೆ ಸಾಲದು.

ಹೆಣ್ಣುಮಕ್ಕಳಿಗೆ ಸಂಜೆ ಹೊರಗೆ ಬಿಡುವುದಿಲ್ಲ, ಏನು ಮಾಡೋಣ?

ಈ ಪ್ರಶ್ನೆ ಕೇಳುವಾಗ ದನಿ ತಗ್ಗಿಸುತ್ತಾರೆ, ನನಗೆ ಸಂಕಟ ಆಗುತ್ತದೆ. ನಮ್ಮ ಓದು ಮೊದಲು ಏಳಕ್ಕೆ ಶುರುವಾಗುತ್ತಿತ್ತು, ಹೆಣ್ಣುಮಕ್ಕಳು ಇಬ್ಬರೇ ಬರುತ್ತಿದ್ದರು. ನಾಲ್ಕಕ್ಕೆ ತಂದೆವು, ಈಗ ಏಳೆಂಟು ಜನ ಬರುತ್ತಾರೆ. ಅಷ್ಟೇ ಆಗಿದ್ದು. ಸಮಯ ಇಡುವವರು ಇದನ್ನು ಯೋಚಿಸಬೇಕು. ಮನೆಯವರನ್ನೂ ಕರೆದುಕೊಂಡು ಬನ್ನಿ. ಬಣವಿ ಅಂದ ಆಯಿ ಬಂದದ್ದು ಹಾಗೆಯೇ.

ಮನೆಯಲ್ಲಿ ಕೂತು ತಿದ್ದುವುದನ್ನು ಕೆಲಸ ಅಂತ ಒಪ್ಪುವುದಿಲ್ಲ ಅನ್ನುವುದು ಇನ್ನೊಂದು ದೂರು. "ಮನ್ಯಾಗೇ ಇರ್ತೀಯಲ್ಲ, ರೊಟ್ಟಿ ಬಡಿ" ಅನ್ನುತ್ತಾರೆ. ನಾನು ಬಾಗಿಲು ಹಾಕಿಕೊಂಡು ಹತ್ತರಿಂದ ಎರಡರವರೆಗೆ ಆಫೀಸು ಅಂತ ಹೇಳಿದೆ. ಒಂದು ವರ್ಷ ಹಿಡಿಯಿತು. ಮೊದಲ ದೊಡ್ಡ ಬಿಲ್ಲಿನ ದುಡ್ಡಲ್ಲಿ ಇನ್ವರ್ಟರ್ ತಂದೆ. ಕರೆಂಟ್ ಹೋದಾಗ ಮನೆಯ ಫ್ಯಾನ್ ತಿರುಗಿತು, ಆಮೇಲೆ ಯಾರೂ ಬಾಗಿಲು ಬಡಿಯಲಿಲ್ಲ.

ಪುಸ್ತಕ ಮಾಡಲಾ?

ಐವತ್ತು ಕವಿತೆ ಇದ್ದರೆ ಮೂವತ್ತು ತೆಗೆದುಕೊಳ್ಳಿ. ಕವನ ಸಂಕಲನ ಸಾಮಾನ್ಯವಾಗಿ ಡೆಮಿ ಎಂಟನೇ ಒಂದು ಅಳತೆ, ಅಂದರೆ ಡೆಮಿ ಅನ್ನುವ ದೊಡ್ಡ ಹಾಳೆಯ ಎಂಟನೇ ಒಂದು ಭಾಗ. ಹಾಗೆ ಮಡಿಸಿದ ಒಂದು ಹಾಳೆಗೆ ಫಾರಂ ಅಂತಾರೆ, ಒಂದು ಫಾರಂಗೆ 16 ಪುಟ. 80 ಪುಟ ಅಂದರೆ ಐದು ಫಾರಂ. ಪುಟ ಲೆಕ್ಕ ಫಾರಂಗೆ ಸರಿಹೋದರೆ ಕಾಗದ ವ್ಯರ್ಥ ಆಗುವುದಿಲ್ಲ, ಮುದ್ರಕರ ಹತ್ತಿರ ಈ ಮಾತಾಡೋಕೆ ಗೊತ್ತಿರಬೇಕು. ಐಎಸ್‌ಬಿಎನ್ ನಂಬರ್ (ಪುಸ್ತಕದ ಗುರುತಿನ ಸಂಖ್ಯೆ) ಕೇಂದ್ರ ಸರ್ಕಾರದ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಅದಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಸಾಲ ಮಾಡಿ ಮಾತ್ರ ಪುಸ್ತಕ ಮಾಡಬೇಡಿ.

ವಾಟ್ಸಾಪಿನಲ್ಲಿ ಹಾಕಿದ ಕವಿತೆಯನ್ನು ಬೇರೆಯವರು ತಮ್ಮ ಹೆಸರಲ್ಲಿ ಹಾಕಿಕೊಂಡರೆ?

ಕವಿತೆ ಬರೆದ ಕ್ಷಣದಿಂದ ಹಕ್ಕು ನಿಮ್ಮದೇ. ನೋಂದಣಿ ಕಡ್ಡಾಯವಲ್ಲ. ನಿಮ್ಮ ಕಾಲ ಮುಗಿದ ಮೇಲೂ 60 ವರ್ಷ ಇರುತ್ತದೆ. ತಾರೀಖು ಹಾಕಿದ ನೋಟ್‌ಬುಕ್ ಜೋಪಾನ ಮಾಡಿ. ಮೊದಲು ಫೋನ್ ಮಾಡಿ ಕೇಳಿ, ಹೆಚ್ಚಿನವರು ತೆಗೆದುಬಿಡುತ್ತಾರೆ.

ಮುಂದಿನ ಶನಿವಾರ ಮೊದಲ ಸಲ ಓದೋಕೆ ಬರುತ್ತಿದ್ದೇನೆ. ಏನು ತರಬೇಕು?

ಎರಡು ಕವಿತೆ. ಒಂದು ಓದೋಕೆ, ಒಂದು ಅದನ್ನು ಓದಬಾರದು ಅನ್ನಿಸಿದರೆ ಇರಲಿ ಅಂತ. ಮೊಬೈಲ್ ನೋಡಿ ಓದಬೇಡಿ, ನಡುವೆ ಫೋನ್ ಬರುತ್ತದೆ. ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ತನ್ನಿ, ಒಂದು ಪುಟದಲ್ಲಿ ಮುಗಿಯಲಿ, ಸಾಲಿನ ನಡುವೆ ಜಾಗ ಬಿಟ್ಟಿರಿ. ಮನೆಯಲ್ಲಿ ಗಟ್ಟಿಯಾಗಿ ಮೂರು ಸಲ ಓದಿ ನೋಡಿ. ನಾಲಗೆ ಎಡವಿದ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಕೈ ನಡುಗಿದರೆ ನಡುಗಲಿ, ಕಾಗದದ ಕೆಳಗೆ ಒಂದು ರಟ್ಟು ಇಟ್ಟುಕೊಳ್ಳಿ. ಮಾಳಿಗೆ ಮೆಟ್ಟಿಲು ಕಡಿದು, ಮುತ್ಯಾ ಆಯಿ ಜೊತೆಗಿದ್ದರೆ ಮೊದಲೇ ಹೇಳಿ, ಆವತ್ತು ಅಂಗಳದಲ್ಲಿ ಚಾಪೆ ಹಾಕುತ್ತೇವೆ.